ಮೂರನೇ ಫಿಲ್ಟರ್ ಹಾಕಿದ ಮೇಲೆ: ಕೊಪ್ಪಳದ ಧೂಳಿಗೆ ಏರ್ ಪ್ಯೂರಿಫೈಯರ್

ಏರ್ ಪ್ಯೂರಿಫೈಯರ್ ತಗೋಬೇಕು ಅಂತಿರುವವರು ಮಷಿನ್ ದರಕ್ಕಿಂತ ಮೊದಲು ಫಿಲ್ಟರ್ ದರ ಕೇಳಿ. ಅದು ನಮ್ಮೂರಿಗೆ ಎಷ್ಟು ದಿನಕ್ಕೆ ಬಂದು ಮುಟ್ಟುತ್ತದೆ ಅನ್ನುವುದನ್ನೂ ಕೇಳಿ. ಮಷಿನ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಫಿಲ್ಟರ್‌ಗೆ ಕೊಡುತ್ತಲೇ ಇರಬೇಕು. ನಮ್ಮದು ಮಧ್ಯಮ ದರದ್ದು. ಮಷಿನ್ ಮೇಲೆ ತಕರಾರಿಲ್ಲ, ಕಂಪನಿಯ ಸರ್ವಿಸ್ ಮೇಲೆ ಇದೆ.

ನಮ್ಮ ಮನೆ ಹೊಸಪೇಟೆ ರಸ್ತೆ ಕಡೆ. ಮಳೆಗಾಲದಲ್ಲಿ ಪಡುವಣ ಗಾಳಿ ಇರುವಾಗ ಅಷ್ಟು ತ್ರಾಸಿಲ್ಲ. ಚಳಿಗಾಲಕ್ಕೆ ಗಾಳಿ ಮೂಡಣಕ್ಕೆ ತಿರುಗಿತೆಂದರೆ ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿ ಧೂಳು ಮಾಳಿಗೆ ಮೇಲೆ ಒಣಹಾಕಿದ ಬಟ್ಟೆ, ಸಂಡಿಗೆ ಎಲ್ಲದರ ಮೇಲೂ ಕೂರುತ್ತದೆ. ಮಷಿನ್‌ನಲ್ಲಿ ದಪ್ಪ ಧೂಳನ್ನು ಮೊದಲು ಹಿಡಿಯುವ ಪ್ರೀ-ಫಿಲ್ಟರ್ ಜಾಳಿಗೆಯನ್ನು ಪೇಪರ್ ಮೇಲೆ ಝಾಡಿಸಿ, ಅಡಿಯಿಂದ ಒಂದು ಮ್ಯಾಗ್ನೆಟ್ ಆಡಿಸಿ ನೋಡಿ. ಒಂದಷ್ಟು ಪುಡಿ ಕೂದಲಿನ ಹಾಗೆ ನೆಟ್ಟಗೆ ನಿಂತು ಮ್ಯಾಗ್ನೆಟ್ ಹೋದಲ್ಲೆಲ್ಲ ಹೋಗುತ್ತದೆ, ಅದು ಕಬ್ಬಿಣದ ಅಂಶವಿರುವ ಧೂಳು. ಅಲ್ಲಾಡದೆ ಉಳಿದದ್ದು ಮಣ್ಣು, ಹಾಸಿಗೆಯ ನೂಲು.

ಆದರೆ ಇದು ಕಣ್ಣಿಗೆ ಕಾಣುವ ದಪ್ಪ ಧೂಳು, ಜಾಳಿಗೆಯೇ ಹಿಡಿಯುತ್ತದೆ. ಎದೆಯ ಆಳಕ್ಕೆ ಇಳಿಯುವುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕೂ ಸಣ್ಣ ಕಣಗಳು. ಅದಕ್ಕೆ ಹೆಪಾ, ಅಂದರೆ ಅತಿ ಸಣ್ಣ ಕಣ ಹಿಡಿಯುವ ಮಡಿಕೆ ಮಡಿಕೆಯ ಒಳ ಫಿಲ್ಟರ್ ಬೇಕು. ಎಚ್13 ದರ್ಜೆಯ ಹೆಪಾ, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳನ್ನೂ ಶೇ. 99.95ರಷ್ಟು ತಡೆಯಬೇಕು. ಡಬ್ಬದ ಮೇಲೆ ‘ಹೆಪಾ ಟೈಪ್’ ಎಂದಷ್ಟೇ ಇದ್ದರೆ ಅದು ಈ ದರ್ಜೆಯ ಖಾತ್ರಿಯಲ್ಲ, ಮುಂದಿನ ಅಂಗಡಿಗೆ ಹೋಗಿ. ಗಾಳಿ ಹೇಗಿದೆ ಎಂದು ತೋರಿಸುವ ದೀಪದ ಬಣ್ಣ ನಂಬಬೇಡಿ, ಪಿಎಂ 2.5ರ ಸಂಖ್ಯೆ ತೋರಿಸುವ ಮಷಿನ್ನೇ ತಗೊಳ್ಳಿ. ಪಿಎಂ 2.5ಕ್ಕೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹಸಿರು ದೀಪ ಎಷ್ಟಕ್ಕೆ ಹತ್ತಬೇಕು ಅನ್ನುವುದು ಕಂಪನಿಯವರ ಮರ್ಜಿ.

ಅಳತೆಗೆ ಸಿಎಡಿಆರ್ ನೋಡಬೇಕು, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸೋಸಿ ಕೊಡುತ್ತದೆ ಎಂಬುದು. ನಮ್ಮ ಮಲಗುವ ಕೋಣೆ 12 ಅಡಿಗೆ 12 ಅಡಿ, ಎತ್ತರ 10 ಅಡಿ, ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಸೋಸಬೇಕಾದರೆ 205 ಸಾಕು. ಆದರೆ ಡಬ್ಬದ ಮೇಲಿರುವುದು ಅತಿ ಜೋರು ಸ್ಪೀಡಿನ ಲೆಕ್ಕ, ಆ ಸದ್ದಿಗೆ ನಿದ್ದೆ ಬರುವುದಿಲ್ಲ. 300ರ ಮೇಲಿನದು ತಗೊಂಡು ನಡುವಿನ ಸ್ಪೀಡಿನಲ್ಲಿ ಓಡಿಸುವುದೇ ಸರಿ. ಇಡೀ ಮನೆಗೆ ಒಂದೇ ಸಾಕು ಅನ್ನುವ ಅಂಗಡಿಯವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಜಾಳಿಗೆಯನ್ನು ಚಳಿಗಾಲದಲ್ಲಿ ವಾರಕ್ಕೊಮ್ಮೆ ತೊಳೆಯುತ್ತೇನೆ. ನೆರಳಲ್ಲಿ ಒಣಗಿಸಿ, ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ಹಸಿ ಇರುವಾಗ ಹಾಕಿದರೆ ಒಳಗಿನ ಹೆಪಾ ಮುಗ್ಗಲು ವಾಸನೆ ಹೊಡೆಯುತ್ತದೆ. ಹೆಪಾಕ್ಕೆ ನೀರು ತಾಗಿಸಬಾರದು. ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಬರುವವರೂ ನಮ್ಮಲ್ಲಿದ್ದಾರೆ. ಆ ಒತ್ತಡಕ್ಕೆ ಮಡಿಕೆ ಹರಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ಪಕ್ಕದ ಸಣ್ಣ ಕಿಂಡಿಯಲ್ಲಿ ಸೆನ್ಸರ್ ಇರುತ್ತದೆ, ಅದನ್ನು ಒಣ ಇಯರ್‌ಬಡ್‌ನಿಂದ ಆಗಾಗ ಒರೆಸಿ, ಇಲ್ಲದಿದ್ದರೆ ಸಂಖ್ಯೆ ಏನೇನೋ ತೋರಿಸುತ್ತದೆ.

ನಮ್ಮ ಮಷಿನ್‌ನಲ್ಲಿ ಫಿಲ್ಟರ್ ಬದಲಿಸಿ ಎಂದು ಹೇಳುವ ದೀಪ ಓಡಿದ ಗಂಟೆ ಮಾತ್ರ ಎಣಿಸುತ್ತದೆ, ಕೊಳೆ ಎಣಿಸುವುದಿಲ್ಲ. ಮೊದಲನೆಯದು ದೀಪ ಹತ್ತುವ ಎಷ್ಟೋ ಮುಂಚೆಯೇ ಕಪ್ಪಾಗಿ, ಸಂಖ್ಯೆ ಇಳಿಯಲು ಮೊದಲಿನ ದುಪ್ಪಟ್ಟು ಹೊತ್ತು ತಗೊಳ್ಳುತ್ತಿತ್ತು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ವಾರಗಟ್ಟಲೆ ‘ಸ್ಟಾಕ್ ಇಲ್ರೀ ಸರ್’ ಅಂದರು. ಸಾಕಾಗಿ ಆನ್‌ಲೈನ್‌ನಲ್ಲಿ ಅರ್ಧ ದರದ ಬೇರೆಯವರ ಫಿಲ್ಟರ್ ತರಿಸಿದೆ. ತಿಂಗಳಾದ ಮೇಲೆ ಹೊರಗೆಳೆದು ನೋಡಿದರೆ ಒಂದು ಅಂಚಿನ ಸ್ಪಂಜ್ ಪಟ್ಟಿಯ ಆಚೆಗೂ ಬೆರಳಗಲ ಕಪ್ಪು ಗೆರೆ: ಗಾಳಿ ಸೋಸದೆ ಸಂದಿಯಿಂದ ನುಗ್ಗಿತ್ತು. ಈಗಿನದು ಮತ್ತೆ ಕಂಪನಿಯದೇ, ಜೊತೆಗೆ ಇನ್ನೊಂದು ತರಿಸಿ ಬೀರುವಿನಲ್ಲಿಟ್ಟಿದ್ದೇನೆ.

ಅಡುಗೆಮನೆಯ ಬಾಗಿಲು ತೆರೆದಿದ್ದರೆ ಒಗ್ಗರಣೆಗೂ ಸಂಖ್ಯೆ ಜಿಗಿಯುತ್ತದೆ. ‘ಯಪ್ಪಾ, ಕೆಂಪು ಲೈಟ್ ಹತ್ತೇದ ನೋಡು, ಇನ್ನ ಒಗ್ಗರಣಿ ಹಾಕೂದೂ ಬಿಡ್ಲೇನು?’ ಅಂತ ಅವ್ವ ಕೇಳುತ್ತಾಳೆ. ಅವಳ ದಮ್ಮಿಗಾಗಿಯೇ ತಂದ ಮಷಿನ್ ಇದು. ಉಸಿರಿಗೆ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಬಿಟ್ಟಿಲ್ಲ, ಡಾಕ್ಟರು ಬಿಡಲು ಹೇಳಿಯೂ ಇಲ್ಲ. ರಾತ್ರಿ ಕೆಮ್ಮಿ ಏಳುವುದು ಮಾತ್ರ ಕಡಿಮೆಯಾಗಿದೆ. ಬೇಸಿಗೆಯಲ್ಲಿ ಬಹುಪಾಲು ಬಂದ್. ಕೂಲರ್‌ಗೆ ಕಿಟಕಿ ತೆರೆಯಲೇಬೇಕು, ಕಿಟಕಿ ತೆರೆದ ಮೇಲೆ ಇದು ಸುಮ್ಮನೆ ಕರೆಂಟ್ ತಿನ್ನುತ್ತದೆ.

ಕರೆಂಟ್ ವಿಷಯ: ನಮ್ಮದು 45 ವ್ಯಾಟ್, ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 32 ಯುನಿಟ್. ಗೃಹಜ್ಯೋತಿಯವರು ನೆನಪಿಡಿ, 200 ಯುನಿಟ್ ಒಳಗಿದ್ದರೂ ಹಿಂದಿನ ಸರಾಸರಿಯ ಮೇಲೆ ಕೊಡುವ ಹೆಚ್ಚುವರಿ ಮಿತಿ ದಾಟಿದ್ದಕ್ಕೆ ಬಿಲ್ ಬರುತ್ತದೆ. ಇನ್ನೊಂದು ಕಿರಿಕಿರಿ, ಕರೆಂಟ್ ಹೋಗಿ ಬಂದರೆ ಕೆಲವು ಟಚ್ ಬಟನ್ ಮಷಿನ್‌ಗಳು ತಾವಾಗಿ ಶುರುವಾಗುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ.

ಹಳೆ ಫಿಲ್ಟರನ್ನು ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ತೆಗೆದು, ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಹೊಸದರ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದೇ ಒಳಗೆ ಹಾಕಿ. ನಮ್ಮ ಪಕ್ಕದ ಮನೆಯವರದು ಒಂದು ಚಳಿಗಾಲವಿಡೀ ಕವರ್ ಸಮೇತ ಓಡಿತ್ತು, ಫಿಲ್ಟರ್ ಸ್ವಲ್ಪವೂ ಕೊಳೆಯಾಗಿಲ್ಲ ಎಂದು ಅವರು ಓಣಿ ತುಂಬ ಹೊಗಳಿದ್ದೂ ಆಗಿತ್ತು.