ಎರೆ ಮಣ್ಣಿಗೆ ಯಾವುದು: ಸೈಕ್ಲೋಕ್ರಾಸ್ ಸೈಕಲ್ಲಾ, ಮೌಂಟನ್ ಬೈಕಾ (ಎಂಟಿಬಿ)?

ಬಳ್ಳಾರಿ ಕಡೆ ವಾರಾಂತ್ಯಕ್ಕೆ ಸೈಕ್ಲೋಕ್ರಾಸ್ (ಮಣ್ಣು, ಕೆಸರಿನ ನೆಲದಲ್ಲಿ ಸುತ್ತು ಹೊಡೆಯುವ ಸೈಕಲ್ ರೇಸ್) ಶುರು ಮಾಡಬೇಕು ಅಂತಿದ್ದೀರಾ? ಮೊದಲು ಮಣ್ಣು ನೋಡಿ, ಆಮೇಲೆ ಸೈಕಲ್.

ಶನಿವಾರ ನಾವು ಗೆಳೆಯರು ಒಣ ಮಸಾರಿ ನೆಲದಲ್ಲಿ ಪಂದ್ಯ ಕಟ್ಟಿ ಸುತ್ತು ಹೊಡೆದೆವು. ಅಲ್ಲಿ ಸೈಕ್ಲೋಕ್ರಾಸ್ ಸೈಕಲ್ಲೇ ಮುಂದೆ. ಹಗುರ, ತಿರುವು ಮುಗಿದ ಕೂಡಲೇ ಓಟ ಹಿಡಿಯುತ್ತದೆ. ಎಂಟಿಬಿ ಗುಂಡಿಗೆ ಆರಾಮ, ಸಪಾಟು ನೆಲದಲ್ಲಿ ಸುಮ್ನೆ ಕಾಲು ಸೋಲುತ್ತದೆ.

ರಾತ್ರಿ ಮಳೆ ಬಂತು. ಭಾನುವಾರ ಎರೆ ಹೊಲದ ಬದುವಿನ ದಾರಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಮಣ್ಣು ಟೈರಿಗೆ ಮೆತ್ತಿ, ಅದಕ್ಕೆ ಜೋಳದ ದಂಟಿನ ಚೂರು ಅಂಟಿ, ಚಕ್ರ ಹಿಡಿದಿರುವ ಫೋರ್ಕ್ ಸಂದಿಯಲ್ಲಿ ಗಟ್ಟಿಯಾಗಿ ಚಕ್ರವೇ ನಿಂತಿತು. ಅಗಲ ಟೈರಿನ ಎಂಟಿಬಿಗೆ ಇನ್ನೂ ಜಾಸ್ತಿ ಮೆತ್ತಿತು. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಲ್ಲಿ ಸೈಕ್ಲೋಕ್ರಾಸ್ ಟೈರ್ 33 ಮಿಲಿಮೀಟರ್ ಮೀರುವಂತಿಲ್ಲ. ಅದರ ಅಕ್ಕಪಕ್ಕ ಜಾಗ ಉಳಿಯುತ್ತದೆ, ಕಡ್ಡಿಯಿಂದ ಕೆರೆದರೆ ಮತ್ತೆ ತಿರುಗುತ್ತದೆ. ತಿರುಗದಿದ್ದರೆ ಹೆಗಲಿಗೆ ಹಾಕಿ ಓಡಿ, ಈ ಆಟದ ಪದ್ಧತಿಯೇ ಅದು ಅಲ್ವಾ. ಸಸ್ಪೆನ್ಷನ್ ಇರುವ ಎಂಟಿಬಿ ಹೊತ್ತು ಓಡುವುದು ನಿಜಕ್ಕೂ ಕಷ್ಟ.

ರೇಸಿಗೇ ಆದರೆ ನನ್ನ ಮಾತು ಕೇಳಿ, ಸೈಕ್ಲೋಕ್ರಾಸ್ ಸೈಕಲ್ಲೇ ತಗೊಳ್ಳಿ, ಅದೂ ಡಿಸ್ಕ್ ಬ್ರೇಕಿನದು. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿನ ಸಂದಿಗೂ ಎರೆ ಮಣ್ಣು ತುಂಬಿಕೊಳ್ಳುತ್ತದೆ. ಆನೆಗೊಂದಿ ಬಂಡೆಗಳ ನಡುವೆ ಅಲೆಯುವ ಆಸೆ ಇದ್ದರೆ ಎಂಟಿಬಿ.