ಓಟದ ಡೈರಿ ಪುಸ್ತಕವಾದದ್ದು: ಶಿವರಾಂಪೇಟೆಯ ಒಂದು ಸಣ್ಣ ಪ್ರೆಸ್ ಬಗ್ಗೆ

ಕಾಲೇಜಿನಲ್ಲಿ ಓಡುತ್ತಿದ್ದಾಗ ಬರೆದ ನನ್ನ ಡೈರಿಗಳನ್ನು ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿದೆ. ಮೊದಲು ಅದರ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಡೆಮಿ 1/8 ಅಳತೆ, 176 ಪುಟ, 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಎನ್.ಎಸ್. (ನ್ಯಾಚುರಲ್ ಶೇಡ್) ಮ್ಯಾಪ್ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡಿನ ಮುಖಪುಟ, ಮ್ಯಾಟ್ ಲ್ಯಾಮಿನೇಷನ್. 60 ಪ್ರತಿ. ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದಕ್ಕೆ, ಪುಟಕ್ಕೆ 35 ರೂಪಾಯಿಯಂತೆ 6,160. ಪ್ರಿಂಟು, ಬೈಂಡಿಂಗು ಸೇರಿ ಪ್ರತಿಗೆ 150ರಂತೆ 9,000. ಮುಖಪುಟದ ಡಿಸೈನಿಗೆ 1,500. ಒಟ್ಟು 16,660 ರೂಪಾಯಿ. ಅರ್ಧ ಮುಂಗಡ, ಉಳಿದದ್ದು ಪುಸ್ತಕ ಕೈಗೆ ಬಂದ ದಿನ. ಆಮೇಲೆ ಅದು ಇದು ಅಂತ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಪ್ರೆಸ್ಸಿನ ಹೆಸರು ಬರೆಯುತ್ತಿಲ್ಲ. ಯಜಮಾನರೇ ಬೇಡ ಅಂದರು. ಈಗ ಇರುವ ಕೆಲಸವೇ ಸಾಕು, ಕೇಳಿದವರಿಗೆ ಬಾಯಲ್ಲಿ ಹೇಳಮ್ಮ ಅಂದರು. ಮೈಸೂರಿನ ಶಿವರಾಂಪೇಟೆಯ ಒಂದು ಅಡ್ಡರಸ್ತೆ, ಮೊದಲನೇ ಮಹಡಿ. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಅದರ ಜೊತೆಗೆ ವರ್ಷಕ್ಕೆ ಒಂದಿಷ್ಟು ಕವನ ಸಂಕಲನ.

ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು. 2008ರಿಂದ 2011ರವರೆಗೆ ಮೈಸೂರಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದೆ. ಮೂರೂ ವರ್ಷ ಕಾಲೇಜಿನ ತಂಡಕ್ಕೆ 5000 ಮೀಟರ್ ಮತ್ತು ಕ್ರಾಸ್ ಕಂಟ್ರಿ ಓಡಿದೆ. ನಮ್ಮ ಪಿ.ಇ. (ದೈಹಿಕ ಶಿಕ್ಷಣ) ಸರ್ ಮೊದಲ ದಿನವೇ ಹೇಳಿದ್ದರು, ‘ಓಡಿದ್ದನ್ನು ಬರೆದಿಡು, ಓಡದಿದ್ದರೆ ಅದನ್ನೂ ಬರೆದಿಡು’ ಅಂತ. ಎಲ್‌ಐಸಿ ಏಜೆಂಟರಾಗಿದ್ದ ನಮ್ಮ ಮಾವ ವರ್ಷಕ್ಕೊಂದು ಡೈರಿ ಕೊಡುತ್ತಿದ್ದರು. ಅದರಲ್ಲೇ ಬರೆದೆ. ಎಷ್ಟು ದೂರ, ಎಷ್ಟು ಹೊತ್ತು, ಎಲ್ಲಿ, ಕಾಲು ಹೇಗಿತ್ತು, ಏನು ತಿಂದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ, ಸಂಜೆ ಓವಲ್ ಮೈದಾನ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ನೆನೆಸಿದ ಕಡ್ಲೆಕಾಳು, ಬಾಳೆಹಣ್ಣು, ಹಾಸ್ಟೆಲಿನ ಮುದ್ದೆ.

ಕಳೆದ ವರ್ಷ ಊರಿನ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಡೈರಿಗಳು ಸಿಕ್ಕವು. ಒಂದರ ಮೂಲೆಯನ್ನು ಗೆದ್ದಲು ತಿಂದಿತ್ತು. ಇನ್ನೊಂದು ಮಳೆಗಾಲ ಬಿಟ್ಟರೆ ಏನೂ ಉಳಿಯುವುದಿಲ್ಲ ಅನ್ನಿಸಿತು. ರಾತ್ರಿ ಊಟ ಆದ ಮೇಲೆ ದಿನಕ್ಕೆ ಎರಡು ಮೂರು ಪುಟದಂತೆ ಮೊಬೈಲಿನಲ್ಲಿ ಟೈಪ್ ಮಾಡುತ್ತಾ ಹೋದೆ. ನಾಲ್ಕೂವರೆ ತಿಂಗಳು ಹಿಡಿಯಿತು.

ಪ್ರೆಸ್ಸಿಗೆ ಹೋಗುವ ಮೊದಲು ಒಂದು ಪ್ರಕಾಶನ ಕಂಪನಿಗೆ ಫೋನ್ ಮಾಡಿದ್ದೆ. ಪುಸ್ತಕ ಮಾಡಿಕೊಡುತ್ತೇವೆ ಅಂತ ಜಾಹೀರಾತು ಹಾಕಿದ್ದರು. 45,000 ರೂಪಾಯಿಯ ಪ್ಯಾಕೇಜು. ನಾನು ಕಳಿಸಿದ ಇಪ್ಪತ್ತು ಪುಟ ನೋಡಿ ಅಲ್ಲಿಯವರು, ‘ಮೇಡಂ, ಈ ಟೈಮಿಂಗು, ಕಿಲೋಮೀಟರು ಎಲ್ಲ ತೆಗೆದುಬಿಡಿ, ಯಾರೂ ಓದಲ್ಲ. ಹಳ್ಳಿ ಹುಡುಗಿಯ ಸಾಧನೆ ಅಂತ ಸ್ಫೂರ್ತಿ ಕೊಡೋ ಥರ ಬರೆಸೋಣ’ ಅಂದರು. ದುಡ್ಡಿಗಿಂತ ಆ ಮಾತು ಮನಸ್ಸಿಗೆ ಹಿಡಿಸಲಿಲ್ಲ. ಆ ಅಂಕಿಗಳೇ ನನ್ನ ಕಥೆ. 400 ಮೀಟರನ್ನು ಹತ್ತು ಸಲ ಓಡಿ, ಹತ್ತನೆಯದೂ ಮೊದಲಿನದರಷ್ಟೇ ಬಂದ ಸಂಜೆ ನಾನು ಬರೆದದ್ದು ಹತ್ತು ಅಂಕಿ ಮಾತ್ರ. ಓಡಿದವರಿಗೆ ಅದು ಸಾಕು. ಓಡದವರೂ ನಿಧಾನವಾಗಿ ನೋಡಿದರೆ ಅರ್ಥ ಆಗುತ್ತದೆ.

ಶಿವರಾಂಪೇಟೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ. ಹುಡುಗರಾಗಿದ್ದಾಗ ಅಚ್ಚುಮೊಳೆ ಜೋಡಿಸುತ್ತಿದ್ದವರು. ನಾನು ಡೈರಿಗಳನ್ನು ಮೇಜಿನ ಮೇಲಿಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಇದು ಯಾರಿಗಮ್ಮ, ಮಾರೋಕಾ, ಕೊಡೋಕಾ?’ ಕೊಡೋಕೆ ಅಂದೆ. ನಮ್ಮ ತಂಡದವರಿಗೆ, ಸರ್‌ಗೆ, ಮನೆಯವರಿಗೆ. ‘ಹಾಗಾದರೆ ಡಿಜಿಟಲ್ ಸಾಕು. ಆಫ್‌ಸೆಟ್‌ಗೆ ಪ್ಲೇಟ್ ಮಾಡಿಸಬೇಕು, ಅರವತ್ತು ಪ್ರತಿಗೆ ಆ ಖರ್ಚು ಸುಮ್ನೆ’ ಅಂದರು. ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಬೇಕಾ ಅಂತ ನಾನೇ ಕೇಳಿದೆ. ಅಂಗಡಿಯಲ್ಲಿ ಮಾರುವುದಾದರೆ ಮಾಡಿಸು, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ನೀನೇ ಅರ್ಜಿ ಹಾಕಬಹುದು, ಸರ್ಕಾರ ಅದಕ್ಕೆ ದುಡ್ಡು ತೊಗೊಳಲ್ಲ ಅಂದರು. ಅದೇ ಪ್ಯಾಕೇಜಿನವರ ಪಟ್ಟಿಯಲ್ಲಿ ಐಎಸ್‌ಬಿಎನ್‌ಗೆ ಅಂತ ಬೇರೆ ಮೊತ್ತ ಇತ್ತು. ಇವರು ಇಷ್ಟು ಹೇಳಿದ ಮೇಲೆ ನಾನು ಬೇರೆ ಕಡೆ ವಿಚಾರಿಸಲಿಲ್ಲ.

ಡಿಟಿಪಿ ಮಾಡುವವರು ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು. ಈ ಬರಹದಲ್ಲಿ ಹೊಗಳಿಕೆ ಅಂತ ಏನಿದೆಯೋ ಅದರಲ್ಲಿ ಮುಕ್ಕಾಲು ಪಾಲು ಅವರಿಗೆ ಸೇರಬೇಕು.

ಯಾಕೆ ಅಂತ ಹೇಳಲು ಒಂದು ಪುಟದ ಕಥೆ ಹೇಳಬೇಕು. 2010ರ ಅಂತರ ಕಾಲೇಜು ಕೂಟದ 5000 ಮೀಟರ್ ಓಟದ ಪುಟ ಅದು. 5000 ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ಆ ಅರ್ಧ ಸುತ್ತು ಮೊದಲು ಬರುತ್ತದೆ, ಆಮೇಲೆ ಹನ್ನೆರಡು ಪೂರ್ತಿ. ಅವತ್ತು ನನ್ನ ಗೆಳತಿ ಒಬ್ಬಳು ಸ್ಟಾಪ್‌ವಾಚ್ ಹಿಡಿದು, ಪ್ರತಿ ಸುತ್ತಿನ ಸೆಕೆಂಡನ್ನು ತನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳ ಕೈ ನೋಡಿಕೊಂಡು ಡೈರಿಗೆ ಇಳಿಸಿದ್ದೆ. ಮೊದಲ ಅರ್ಧ ಸುತ್ತು 44. ಆಮೇಲೆ 90, 92, 93, 94, 95, 96, 97, 97, 98, 97, 97, 92. ಒಟ್ಟು 19 ನಿಮಿಷ 42 ಸೆಕೆಂಡು. ನನ್ನ ಜೀವನದ ಅತ್ಯುತ್ತಮ ಓಟ ಅದು. ಟೈಪ್ ಮಾಡುವಾಗ ಏಳನೇ ಸುತ್ತಿನ 97 ಅನ್ನು 91 ಮಾಡಿದ್ದೆ. ಬಸ್ಸಿನ ಕುಲುಕಾಟದಲ್ಲಿ ಬರೆದ 7 ನೋಡಲು 1ರ ಹಾಗೇ ಇತ್ತು.

ಎರಡನೇ ಪ್ರೂಫಿನ ದಿನ ಡಿಟಿಪಿ ಮಾಡುವ ಆಕೆ ಫೋನ್ ಮಾಡಿದರು. ‘ಅಕ್ಕ, ಪುಟ 103ರಲ್ಲಿ ಸುತ್ತಿನ ಲೆಕ್ಕ ಇದೆಯಲ್ಲ, ಅದನ್ನ ಕೂಡಿದರೆ 19:36 ಬರ್ತಿದೆ. ನೀವು ಕೆಳಗೆ 19:42 ಅಂತ ಹಾಕಿದ್ದೀರ. ಆರು ಸೆಕೆಂಡ್ ಎಲ್ಲೋ ಹೋಗಿದೆ. ಡೈರಿ ಒಂದ್ಸಲ ನೋಡ್ತೀರಾ?’

ಅಡುಗೆಮನೆಯಲ್ಲಿದ್ದೆ. ಒಲೆ ಆರಿಸಿ, ಡೈರಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದು 7. ಪುಟಕ್ಕೆ 35 ರೂಪಾಯಿಗೆ ಯಾರೂ ಕ್ಯಾಲ್ಕುಲೇಟರ್ ಹಿಡಿದು ಕೂಡುವುದಿಲ್ಲ. ಹಾಗೆ ಮಾಡಿ ಅಂತ ನಾನು ಕೇಳಿರಲೂ ಇಲ್ಲ. ಯಾಕೆ ಕೂಡಿದಿರಿ ಅಂತ ಆಮೇಲೆ ಕೇಳಿದೆ. ‘ಅದಕ್ಕೂ ಮೊದಲಿನ ಸುತ್ತು 96, ಆಮೇಲಿನದು 97. ಸುಸ್ತಾಗ್ತಾ ಇರೋರು ನಡುವೆ ಒಂದೇ ಒಂದು ಸುತ್ತು 91 ಹೇಗೆ ಓಡ್ತಾರೆ ಅನ್ನಿಸ್ತು’ ಅಂದರು. ಆಕೆ ಯಾವತ್ತೂ ಓಡಿದವರಲ್ಲ. ನನ್ನ ಓಟವನ್ನು ಅಂಕಿಯಲ್ಲೇ ನೋಡಿಬಿಟ್ಟಿದ್ದರು.

ಇನ್ನೊಂದು ಪುಟದ ಬಗ್ಗೆಯೂ ಹೇಳಬೇಕು. 2009ರ ಆಗಸ್ಟಿನಲ್ಲಿ ಮೊಣಕಾಲ ಕೆಳಗಿನ ಮೂಳೆ ನೋವು ಬಂದು ಓಟ ನಿಂತಿತ್ತು. ಊರಿಗೆ ಹೋಗಿದ್ದೆ. ನಮ್ಮ ಕಡೆ ಅದು ಹೊಗೆಸೊಪ್ಪಿನ ಕಾಲ. ಬ್ಯಾರನ್‌ಗೆ (ಸೊಪ್ಪು ಒಣಗಿಸಿ ಹದ ಮಾಡುವ ಮನೆಗೆ) ಏರಿಸಲು ಸೊಪ್ಪು ಕಟ್ಟುವುದಕ್ಕೆ ಮನೆಯವರೆಲ್ಲ ಕೂರುತ್ತಾರೆ. ಡೈರಿಯಲ್ಲಿ ದಿನಕ್ಕೆ ಒಂದೇ ಸಾಲು. ‘ಓಟ ಇಲ್ಲ. ಸೊಪ್ಪು ಕಟ್ಟಿದ್ದು.’ ‘ಓಟ ಇಲ್ಲ.’ ‘ಓಟ ಇಲ್ಲ. ನೋವು ಹಾಗೇ ಇದೆ.’ ಹೀಗೆ 23 ದಿನ. ನಾನು ಅದನ್ನೆಲ್ಲ ತೆಗೆದು ‘ಮೂರು ವಾರ ಓಡಲಿಲ್ಲ’ ಅಂತ ಒಂದು ವಾಕ್ಯ ಮಾಡಿ ಕೊಟ್ಟಿದ್ದೆ. ಸ್ಕ್ಯಾನ್ ಮಾಡಲು ಡೈರಿ ತೆರೆದಾಗ ಯಜಮಾನರು ಆ ಪುಟಗಳನ್ನು ನೋಡಿದರು. ‘ಇದನ್ನ ಯಾಕಮ್ಮ ತೆಗೆದೆ? ಒಂದರ ಕೆಳಗೆ ಒಂದು ಹಾಗೇ ಕೂರಿಸೋಣ, ಒಂದು ಪುಟ ಆಗತ್ತೆ’ ಅಂದರು. ಹಾಗೇ ಕೂರಿಸಿದ್ದಾರೆ. ತಾರೀಖು, ‘ಓಟ ಇಲ್ಲ’, ತಾರೀಖು, ‘ಓಟ ಇಲ್ಲ’. ಕೊನೆಯ ಸಾಲು ‘ಕೆರೆ, 2 ಕಿ.ಮೀ., ನಿಧಾನ’. ಪುಸ್ತಕ ಓದಿದವರಲ್ಲಿ ಜಾಸ್ತಿ ಜನ ಮಾತಾಡಿದ್ದು ಈ ಪುಟದ ಬಗ್ಗೆ. ನಮ್ಮ ಅಮ್ಮ ಪುಸ್ತಕದಲ್ಲಿ ಪೂರ್ತಿ ಓದಿದ್ದೂ ಇದೊಂದೇ ಪುಟ. ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದರು.

ಇನ್ನು ಸರಿ ಬರದ ವಿಷಯಗಳು. ಅವೂ ಇವೆ.

ಇವರು ಈಗಲೂ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಹಳೇ ಸಾಫ್ಟ್‌ವೇರಿನಲ್ಲಿ, ಹಳೇ ನುಡಿ ಫಾಂಟಿನಲ್ಲಿ ಕೆಲಸ ಮಾಡುತ್ತಾರೆ. ನಾನು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅದರಲ್ಲಿ ಅಕ್ಷರಗಳ ಸಂಕೇತವೇ ಬೇರೆ. ಅದನ್ನು ಕನ್ವರ್ಟ್ ಮಾಡಿದಾಗ ಕೆಲವು ಅಕ್ಷರ ಕೆಟ್ಟವು. ‘ರ‍್ಯಾಂಕ್’ ಅನ್ನುವುದು ಎಲ್ಲ ಕಡೆ ಅರ್ಕಾವತ್ತು ಹೊತ್ತುಕೊಂಡು ‘ರ್ಯಾಂಕ್’ ಆಗಿತ್ತು. ನಾನು ಅಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ನಿಂತಿದ್ದವು. ‘5’ ಒಂದು ಸಾಲಿನ ಕೊನೆಗೆ, ‘ಕಿ.ಮೀ.’ ಮುಂದಿನ ಸಾಲಿನ ಶುರುವಿಗೆ. ಉದ್ದ ಪದ ಬಂದ ಕಡೆ ಸಾಲಿನಲ್ಲಿ ಬಾವಿಯಷ್ಟು ಜಾಗ. ಇದನ್ನೆಲ್ಲ ಕೂತು ಸರಿ ಮಾಡಿದರು, ನಿಜ. ಆದರೆ ಮೂರು ಪ್ರೂಫ್ ಬೇಕಾಯಿತು. ನೀವು ಇಂಥ ಕಡೆ ಮಾಡಿಸುವುದಾದರೆ ಇಂಗ್ಲಿಷ್ ಪದಗಳನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆದು ಕೊಡಿ. ಕರಡನ್ನು ಪರದೆಯ ಮೇಲೆ ನೋಡಬೇಡಿ, ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ನೋಡಿ.

ಮುಖಪುಟ ಇವರ ಕೈಯಲ್ಲಿ ಆಗುವ ಕೆಲಸವಲ್ಲ. ಮೊದಲು ತೋರಿಸಿದ ಡಿಸೈನಿನಲ್ಲಿ ಸೂರ್ಯಾಸ್ತದ ಮುಂದೆ ಯಾವುದೋ ದೇಶದ ಓಟಗಾರನ ಕಪ್ಪು ನೆರಳು. ಎರಡನೆಯದರಲ್ಲಿ ಚಿನ್ನದ ಕಪ್. ನಾನು ಯಾವತ್ತೂ ಚಿನ್ನದ ಕಪ್ ಗೆದ್ದಿಲ್ಲ, ನನ್ನ ಪುಸ್ತಕದ ಮೇಲೆ ಅದು ಇರಬಾರದು ಅಂತ ಸ್ಪಷ್ಟವಾಗಿ ಹೇಳಿದೆ. ಕೊನೆಗೆ ಎರಡನೇ ವರ್ಷದ ಡೈರಿಯ ಒಂದು ಪುಟವನ್ನೇ ಮುಖಪುಟ ಮಾಡಿಸಿದೆ. ನೀಲಿ ಗೆರೆ, ಬೆವರು ಬಿದ್ದು ಶಾಯಿ ಹರಡಿದ ಜಾಗ, ಮೂಲೆಯಲ್ಲಿ ಗೆದ್ದಲು ತಿಂದ ಅರ್ಧಚಂದ್ರ. ಅವರ ಸ್ಕ್ಯಾನರ್ ಒಳ್ಳೆಯದು. ಗೆರೆಯ ಮೇಲೆ ಪೆನ್ನು ಒತ್ತಿದ ಗುರುತೂ ಕಾಣುತ್ತದೆ.

ಫೋಟೊಗಳ ವಿಷಯದಲ್ಲಿ ತಪ್ಪು ಪ್ರೆಸ್ಸಿನವರದಲ್ಲ. ನಮ್ಮ ಕಾಲದ ಚಿತ್ರಗಳೆಲ್ಲ ಆರ್ಕುಟ್‌ನಲ್ಲಿದ್ದವು. 2014ರಲ್ಲಿ ಅದು ಮುಚ್ಚುವ ಮೊದಲು ಇಳಿಸಿಟ್ಟುಕೊಂಡದ್ದು ಬೆರಳೆಣಿಕೆಯಷ್ಟು, ಅವೂ ಸಣ್ಣವು. ಅಂಥದ್ದನ್ನು ಎಳೆದು ದೊಡ್ಡದು ಮಾಡಿದರೆ ಮುಖ ಕಲೆಸಿಹೋಗುತ್ತದೆ. ಯಜಮಾನರು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ, ಪುಟದ ಅಂಚಿನಲ್ಲಿ ಹಾಕೋಣ ಅಂದರು. ಚೆನ್ನಾಗಿಯೇ ಬಂದಿದೆ. ನಿಮ್ಮ ಹತ್ತಿರ ಸ್ಟುಡಿಯೊದವರು ತೆಗೆದ ಹಳೇ ಪ್ರಿಂಟ್ ಇದ್ದರೆ ಅದನ್ನೇ ಕೊಡಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಕಳಿಸಬೇಡಿ.

ಬೈಂಡಿಂಗ್ ಬಗ್ಗೆ ನನಗೆ ಪೂರ್ತಿ ಸಮಾಧಾನ ಇಲ್ಲ. ಅಂಟು ಹಾಕಿ ಮಾಡುವ ಪರ್ಫೆಕ್ಟ್ ಬೈಂಡಿಂಗ್ ಇದು. ಪುಸ್ತಕ ಮೇಜಿನ ಮೇಲೆ ತೆರೆದಿಟ್ಟರೆ ತಾನಾಗೇ ಮುಚ್ಚಿಕೊಳ್ಳುತ್ತದೆ. ಮೊದಲ ಸ್ಯಾಂಪಲ್ ಪ್ರತಿಯಲ್ಲಿ ಕೋಷ್ಟಕದ ಕೊನೆಯ ಅಂಕಿಗಳು ಒಳಮಡಿಕೆಗೆ ಸಿಕ್ಕಿ ಕಾಣುತ್ತಲೇ ಇರಲಿಲ್ಲ. ಹೇಳಿದ ಕೂಡಲೇ ಒಳಗಿನ ಮಾರ್ಜಿನ್ ಜಾಸ್ತಿ ಮಾಡಿ ಇನ್ನೊಂದು ಸ್ಯಾಂಪಲ್ ತೆಗೆದರು, ಅದಕ್ಕೆ ದುಡ್ಡು ಕೇಳಲಿಲ್ಲ. ಹೊಲಿಗೆ ಹಾಕಿಸಿದ್ದರೆ ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು. ಪ್ರತಿಗೆ ಇನ್ನೊಂದಿಷ್ಟು ಖರ್ಚಾಗುತ್ತದೆ ಅಂದಾಗ ನಾನೇ ಬೇಡ ಅಂದೆ. ಈಗ ಹಾಕಿಸಬೇಕಿತ್ತು ಅನ್ನಿಸುತ್ತದೆ. ನಾಲ್ಕು ಪ್ರತಿಗಳಲ್ಲಿ ಲ್ಯಾಮಿನೇಷನ್ ಒಳಗೆ ಗಾಳಿ ಸೇರಿ ಗುಳ್ಳೆ ಎದ್ದಿತ್ತು. ತೋರಿಸಿದ ವಾರದಲ್ಲೇ ಬದಲಾಯಿಸಿ ಕೊಟ್ಟರು.

ದೊಡ್ಡ ದೂರು ತಡದ್ದು. 15 ದಿನ ಅಂದದ್ದು ಐದು ವಾರ ಆಯಿತು. ನಮ್ಮ ತಂಡದವರು ಹದಿನೈದು ವರ್ಷದ ಮೇಲೆ ಒಂದು ಭಾನುವಾರ ಬೆಟ್ಟದ ಪಾದದಲ್ಲಿ ಸೇರುವುದು ಅಂತ ನಿಗದಿಯಾಗಿತ್ತು. ಹಾಸನದಿಂದ, ಮಡಿಕೇರಿಯಿಂದ ಎಲ್ಲ ಬರುವವರಿದ್ದರು. ಪುಸ್ತಕ ಅವತ್ತಿಗೆ ಬೇಕು ಅಂತ ಮೊದಲೇ ಹೇಳಿದ್ದೆ. ಬರಲಿಲ್ಲ. ಅದು ಮೇ ತಿಂಗಳು, ಮದುವೆ ಕಾಲ, ಮೇಜಿನ ತುಂಬ ಲಗ್ನಪತ್ರಿಕೆ. ಅವರ ಕಷ್ಟ ಅರ್ಥ ಆಗುತ್ತದೆ, ಆದರೆ ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿದ್ದರೆ ನಾನು ಸೇರುವ ದಿನವನ್ನೇ ಮುಂದಕ್ಕೆ ಹಾಕಿಸುತ್ತಿದ್ದೆ. ಅವತ್ತು ಬರಿಗೈಯಲ್ಲಿ ಹೋದದ್ದು ಇನ್ನೂ ಮನಸ್ಸಿನಲ್ಲಿದೆ.

ಆಮೇಲೆ ಒಬ್ಬೊಬ್ಬರಿಗೆ ಕೊರಿಯರ್ ಮಾಡಿದೆ. ಸರ್ ಮನೆಗೆ ಮಾತ್ರ ನಾನೇ ಹೋದೆ. ಅವರು ನಿವೃತ್ತರಾಗಿದ್ದಾರೆ, ಕನ್ನಡಕ ದಪ್ಪವಾಗಿದೆ. ಮುನ್ನುಡಿ ಓದಲಿಲ್ಲ, ತಮ್ಮ ಹೆಸರು ಎಲ್ಲಿದೆ ಅಂತಲೂ ಹುಡುಕಲಿಲ್ಲ. ನೇರ ಪುಟ 103 ತೆಗೆದು, ಸುತ್ತಿನ ಅಂಕಿಗಳ ಮೇಲೆ ಬೆರಳಿಟ್ಟುಕೊಂಡು ಬಾಯಲ್ಲೇ ಎಣಿಸುತ್ತಾ ಹೋದರು. ಕೊನೆಯ 92ಕ್ಕೆ ಬಂದಾಗ, ‘ನೋಡು, ಇದನ್ನೇ ನಾನು ಮೂರು ವರ್ಷ ಹೇಳಿದ್ದು. ಕೊನೇ ಸುತ್ತಿಗೆ ಕಾಲಲ್ಲಿ ಏನಾದರೂ ಉಳಿಸಿಕೊಂಡಿರಬೇಕು’ ಅಂದರು.

ಫೈಲು ಪ್ರೆಸ್ಸಿನಲ್ಲೇ ಇದೆ. ಹಾಸನದ ಗೆಳತಿ ಈಗ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಅವಳ ಶಾಲೆಯ ಮಕ್ಕಳಿಗೆ ಇನ್ನೂ 20 ಪ್ರತಿ ಬೇಕಂತೆ. ಅದೇ ಪ್ರೆಸ್ಸಿಗೇ ಕೊಟ್ಟಿದ್ದೇನೆ, ಈ ಸಲ ಹೊಲಿಗೆ ಹಾಕಿ ಅಂದಿದ್ದೇನೆ. ನೀವು ಹೋಗುವುದಾದರೆ ಆಷಾಢದಲ್ಲಿ ಹೋಗಿ. ಮದುವೆ ಇರುವುದಿಲ್ಲ, ಮೇಜು ಖಾಲಿ ಇರುತ್ತದೆ, ಅವರಿಗೂ ನಿಮ್ಮ ಜೊತೆ ಕೂತು ನೋಡಲು ಪುರುಸೊತ್ತು ಇರುತ್ತದೆ.