ಹೊಸ ಸೀಲ್ ಹಾಕಿಸಿದ ಹನ್ನೊಂದನೆಯ ದಿನ ಮತ್ತೆ ಎಣ್ಣೆ

ಪಿಕಪ್‌ನ ಮುಂದಿನ ಆಕ್ಸಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಮತ್ತು ಬಾಲ್ ಜಾಯಿಂಟ್ (ಚಕ್ರ ಎಡಬಲ ತಿರುಗಲು ಬಿಡುವ ಗುಂಡುಕೀಲು) ಬದಲಿಸಲು ಗಾಡಿಯನ್ನು ವರ್ಕ್‌ಶಾಪಿಗೆ ಬಿಡಲಿದ್ದೀರಾ? ಇದನ್ನು ಓದಿ, ಆಮೇಲೆ ಕೀಲಿ ಕೊಡಿ. ನಾನು ಕೀಲಿ ಮೊದಲು ಕೊಟ್ಟೆ, ವಿಷಯ ಆಮೇಲೆ ತಿಳಿದುಕೊಂಡೆ.

ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಹಿಂದಿನಂತೆ ಮುಂದೆಯೂ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್. ಮುಂಚಕ್ರಗಳನ್ನು ಶಾಫ್ಟ್‌ನಿಂದ ಬಿಡಿಸುವ ಲಾಕಿಂಗ್ ಹಬ್ ಇಲ್ಲದ್ದರಿಂದ ಗಾಡಿ ಓಡುವಷ್ಟು ಹೊತ್ತೂ ಮುಂದಿನ ಶಾಫ್ಟ್‌ಗಳು, ಅವುಗಳ ನಡುವಿನ ಡಿಫರೆನ್ಷಿಯಲ್‌ನ ಗೇರ್‌ಗಳು ಎಲ್ಲವೂ ತಿರುಗುತ್ತಲೇ ಇರುತ್ತವೆ. ಎಡ ಮುಂಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿ, ಧೂಳು ಕೂಡಿಕೊಂಡು ಕಪ್ಪು ಮೆತ್ತೆಯಾಗಿತ್ತು. ಗುಂಡಿಗೆ ಇಳಿದರೆ ‘ಟಕ್’ ಎಂಬ ಸದ್ದು. ಟೈರು ಒಂದೇ ಅಂಚಿನಲ್ಲಿ ಬೋಳಾಗುತ್ತಿತ್ತು. ವರ್ಕ್‌ಶಾಪಿನವರು ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರ ಎತ್ತಿ, ಟೈರಿನ ಕೆಳಗೆ ಸಬ್ಬಲ್ ಕೊಟ್ಟು ಮೀಟಿ ತೋರಿಸಿದರು. ಚಕ್ರವನ್ನು ಹೊತ್ತು ತಿರುಗುವ ನಕಲ್ ಎಂಬ ಭಾಗ ಮೇಲೆ ಕೆಳಗೆ ಆಡುತ್ತಿತ್ತು. ಎರಡೂ ಬದಿಯ ಸೀಲ್, ನಾಲ್ಕೂ ಬಾಲ್ ಜಾಯಿಂಟ್ ಹೋಗಿವೆ ಎಂದರು. ರೋಗ ಹಿಡಿದದ್ದು ಸರಿಯಾಗಿಯೇ ಇತ್ತು, ಅದಕ್ಕೇ ಮುಂದಿನದನ್ನೂ ನಂಬಿದೆ. ಸಂಜೆಯೊಳಗೆ ಗಾಡಿ ಬೇಕು ಎಂದು ಅವಸರಪಡಿಸಿದವನೂ ನಾನೇ.

ಸಂಜೆ ಗಾಡಿ ಸಿಕ್ಕಿತು. ಹೊರಗಿನಿಂದ ನೋಡಿದರೆ ಕೆಲಸ ಅಚ್ಚುಕಟ್ಟು. ಆದರೆ ಮೊದಲ ತಿರುವಿನಲ್ಲೇ ಸ್ಟೀರಿಂಗ್ ಬಿಗಿ ಅನ್ನಿಸಿತು. ತಿರುವು ಮುಗಿದ ಮೇಲೆ ಚಕ್ರಗಳು ತಾವಾಗಿ ನೇರಕ್ಕೆ ಬರಬೇಕಲ್ಲ, ಅವು ತಿರುಗಿಸಿದಲ್ಲೇ ನಿಂತವು. ಹೊಸ ಬಾಲ್ ಜಾಯಿಂಟ್, ನಾಲ್ಕು ದಿನ ಓಡಿದರೆ ಪಳಗುತ್ತದೆ ಎಂದರು. ಪಳಗಲಿಲ್ಲ. ಒಂದು ವಾರದಲ್ಲಿ ಮುಂದಿನಿಂದ ‘ಗೊಂಯ್’ ಎಂಬ ಸದ್ದು ಶುರುವಾಯಿತು. ವೇಗ ಹೆಚ್ಚಿದಂತೆ ಅದೂ ಏರುತ್ತಿತ್ತು. ಹನ್ನೊಂದನೆಯ ದಿನ ಅದೇ ಎಡಚಕ್ರದ ಒಳಗೆ ಮತ್ತೆ ಎಣ್ಣೆ.

ಹಿಂದಕ್ಕೆ ಒಯ್ದಾಗ, ಸೀಲ್ ಕಂಪನಿಯದೇ ಕಳಪೆ ಎಂಬ ಉತ್ತರ ಬಂತು. ಜಗಳವಾಡುವ ಶಕ್ತಿ ನನ್ನಲ್ಲಿರಲಿಲ್ಲ. ಈ ಕೆಲಸದಲ್ಲಿ ಪಳಗಿದ ಗೆಳೆಯರೊಬ್ಬರ ಜೊತೆ ಕುಳಿತು ಇಡೀ ಮುಂಭಾಗವನ್ನು ಬಿಚ್ಚಿದೆ. ಎರಡು ದಿನ ಹಿಡಿಯಿತು. ಈ ಕೆಲಸ ಒಂದು ಸಂಜೆಯಲ್ಲಿ ಮುಗಿಯುವಂಥದ್ದಲ್ಲ ಎಂದು ನನಗೆ ಮನವರಿಕೆಯಾದದ್ದು ಆಗಲೇ.

ಇಂಥ ಆಕ್ಸಲ್‌ನಲ್ಲಿ ಎಣ್ಣೆ ತಡೆಯುವ ಸೀಲ್ ಚಕ್ರದ ಹತ್ತಿರ ಇರುವುದೇ ಇಲ್ಲ. ಅದು ಇರುವುದು ನಡುವೆ, ಡಿಫರೆನ್ಷಿಯಲ್‌ನ ಪಕ್ಕದಲ್ಲಿ, ಶಾಫ್ಟ್ ಹಾಯುವ ಆಕ್ಸಲ್ ಕೊಳವೆಯ ಒಳತುದಿಯಲ್ಲಿ. ಅಲ್ಲಿ ಸೋರಿದ ಎಣ್ಣೆ ಕೊಳವೆಯುದ್ದಕ್ಕೂ ಹರಿದು ಬಂದು ಚಕ್ರದ ಬಳಿ ತೊಟ್ಟಿಕ್ಕುತ್ತದೆ. ಹಾಗಾಗಿ ಸೀಲ್ ಬದಲಿಸಬೇಕಾದರೆ ಬ್ರೇಕ್, ಹಬ್, ಶಾಫ್ಟ್ ಎಲ್ಲ ತೆಗೆದು, ಡಿಫರೆನ್ಷಿಯಲ್‌ನ ಮುಚ್ಚಳ ಬಿಚ್ಚಿ, ಗೇರ್ ಕೂತಿರುವ ಕ್ಯಾರಿಯರ್ ಅನ್ನೇ ಹೊರಗೆ ಎಳೆಯಬೇಕು. ಕ್ಯಾರಿಯರ್‌ನ ಎರಡು ಬೇರಿಂಗ್‌ಗಳನ್ನು ಹಿಡಿದಿರುವ ಕ್ಯಾಪ್‌ಗಳನ್ನು ಹೌಸಿಂಗ್ (ಡಿಫರೆನ್ಷಿಯಲ್‌ನ ಹೊರಕವಚ) ಜೊತೆಗೇ ಕೊರೆದಿರುತ್ತಾರೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಅದೂ ಮೊದಲಿದ್ದ ದಿಕ್ಕಿನಲ್ಲೇ ಕೂರಬೇಕು. ನನ್ನ ಆಕ್ಸಲ್‌ನಲ್ಲಿ ಕ್ಯಾಪ್‌ಗಳ ಮೇಲೂ ಹೌಸಿಂಗ್ ಮೇಲೂ ಅಕ್ಷರಗಳನ್ನು ಅಚ್ಚೊತ್ತಿದ್ದಾರೆ. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಅಡ್ಡಡ್ಡ, ಯಾರೂ ತಪ್ಪಬಾರದೆಂದು. ಮುಚ್ಚಳ ತೆಗೆದು ಟಾರ್ಚ್ ಹಿಡಿದೆವು. ನೆಟ್ಟಗಿರಬೇಕಾದ ಅಕ್ಷರ ಅಡ್ಡ ಮಲಗಿತ್ತು. ಕ್ಯಾಪ್‌ಗಳು ಅದಲುಬದಲಾಗಿದ್ದವು. ಗೆಳೆಯರು ಏನೂ ಹೇಳದೆ ಎದ್ದು ಕೈ ಒರೆಸಿಕೊಂಡರು.

ಬೇರಿಂಗ್ ಹಿಂದಿನ ಶಿಮ್‌ಗಳ ಕಥೆಯೂ ಅದೇ. ಕಾಗದದಷ್ಟು ತೆಳುವಾದ ಈ ತಗಡಿನ ಬಿಲ್ಲೆಗಳು ಗೇರ್ ಹಲ್ಲುಗಳ ನಡುವಿನ ಸಡಿಲವನ್ನು ನಿರ್ಧರಿಸುತ್ತವೆ. ಎಡದ ಕಟ್ಟಿನಿಂದ ಒಂದು ಬಿಲ್ಲೆ ಬಲಕ್ಕೆ ಹೋದರೂ ಆ ಅಳತೆ ಕೆಡುತ್ತದೆ. ಬಿಚ್ಚುವಾಗ ಎರಡು ಬೇರೆ ಡಬ್ಬಿಗಳಲ್ಲಿ ಹಾಕಿ ‘ಎಡ’, ‘ಬಲ’ ಎಂದು ಬರೆದಿಟ್ಟರೆ ಮುಗಿಯುವ ಮಾತು. ನಾವು ಸಣ್ಣ ಸಡಿಲವನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ಮತ್ತೆ ಮತ್ತೆ ಅಳೆಯಬೇಕಾಯಿತು.

ಸೀಲ್ ಯಾಕೆ ಸೋರಿತು ಎಂಬುದಕ್ಕೆ ಒಂದಲ್ಲ, ಮೂರು ಕಾರಣ ಸಿಕ್ಕವು. ಶಾಫ್ಟ್ ಮೇಲೆ ಸೀಲ್‌ನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಸವೆದ ಹಳ್ಳದ ಮೇಲೆ ಎಷ್ಟು ಹೊಸ ಸೀಲ್ ಹಾಕಿದರೂ ಎಣ್ಣೆ ಅಲ್ಲಿಂದ ನುಸುಳುತ್ತದೆ. ಶಾಫ್ಟ್ ಬದಲಿಸಬೇಕು, ಇಲ್ಲವೇ ಆ ಜಾಗಕ್ಕೆ ತೆಳುವಾದ ಲೋಹದ ಕವಚ (ಸ್ಲೀವ್) ಏರಿಸಬೇಕು. ಎರಡನೆಯದು, ಕೊಳವೆಯ ಒಳಗೆ ವರ್ಷಗಳಿಂದ ಸೇರಿದ ಮಣ್ಣು, ತುಕ್ಕು. ಅದನ್ನು ಒರೆಸದೆ ಶಾಫ್ಟ್ ತೂರಿಸಿದ್ದರು. ಹಲ್ಲಿರುವ ತುದಿ ಆ ಕಸವನ್ನೆಲ್ಲ ಗುಡಿಸಿಕೊಂಡು ಹೋಗಿ ಹೊಸ ಸೀಲ್‌ನ ತುಟಿಗೆ ಬಳಿದಿತ್ತು, ಹೋಗುವ ದಾರಿಯಲ್ಲಿ ತುಟಿಯನ್ನೂ ಒಂದು ಕಡೆ ಸೀಳಿತ್ತು. ಶಾಫ್ಟ್ ಭಾರವಾದದ್ದು, ಅದನ್ನು ಕೈಯಲ್ಲಿ ಎತ್ತಿ ಹಿಡಿದು, ಸೀಲ್‌ಗೆ ತಗಲದಂತೆ ನೇರವಾಗಿ ಬಿಡಲು ತಾಳ್ಮೆ ಬೇಕು.

ಮೂರನೆಯದು ನನಗೆ ಈಗಲೂ ನಗು ತರಿಸುತ್ತದೆ. ಡಿಫರೆನ್ಷಿಯಲ್ ಉಸಿರಾಡಲು ಅದರ ಮೇಲಿನಿಂದ ಒಂದು ಸಣ್ಣ ರಬ್ಬರ್ ಕೊಳವೆ ಹೊರಡುತ್ತದೆ, ಬ್ರೀದರ್ ಎನ್ನುತ್ತಾರೆ. ಓಡುವಾಗ ಒಳಗಿನ ಎಣ್ಣೆ ಬಿಸಿಯಾಗಿ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗುವುದು ಇಲ್ಲಿಂದ. ಆ ಕೊಳವೆಯ ತುದಿಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಬಾಯಿಟ್ಟು ಊದಿದರೆ ಒಂದಿಷ್ಟೂ ಗಾಳಿ ಹೋಗಲಿಲ್ಲ. ಹೊರದಾರಿ ಇಲ್ಲದ ಒತ್ತಡ ಸೀಲ್‌ನ ತುಟಿಯನ್ನು ದೂಡಿ ಎಣ್ಣೆಯನ್ನು ಹೊರಗೆ ಕಳುಹಿಸುತ್ತಿತ್ತು. ಹಳೆಯ ಸೀಲ್ ಸೋರಿದ್ದಕ್ಕೂ ಬಹುಶಃ ಇದೇ ಕಾರಣ. ಇದನ್ನು ಊದಿ ನೋಡಲು ಅರ್ಧ ನಿಮಿಷ ಸಾಕಿತ್ತು.

ಬಾಲ್ ಜಾಯಿಂಟ್‌ನ ವಿಷಯದಲ್ಲಿ ನಗು ಬರಲಿಲ್ಲ. ಅದನ್ನು ಕೂರಿಸಲು ಸಿ ಆಕಾರದ ಪ್ರೆಸ್ ಇದೆ. ಸರಿಯಾದ ಬಳೆಗಳನ್ನು ಇಟ್ಟು ನೇರವಾಗಿ ಒತ್ತಬೇಕು. ನನ್ನ ಗಾಡಿಯಲ್ಲಿ ಸುತ್ತಿಗೆಯ ಗುರುತು ಸ್ಪಷ್ಟವಾಗಿತ್ತು, ಒಂದು ಕಡೆ ಲೋಹ ನೀಲಿಗಟ್ಟುವಷ್ಟು ಬೆಂಕಿ ಕೊಟ್ಟಿದ್ದರು. ಕೆಳಗಿನ ಜಾಯಿಂಟ್ ಪೂರ್ತಿ ಕೂತಿರಲಿಲ್ಲ. ಪೂರ್ತಿ ಕೂತಿದ್ದರೆ ಮಾತ್ರ ಅದನ್ನು ಜಾರದಂತೆ ಹಿಡಿಯುವ ಸರ್ಕ್ಲಿಪ್ ತನ್ನ ತೋಡಿಗೆ ಬೀಳುತ್ತದೆ. ಇಲ್ಲಿ ಕ್ಲಿಪ್ ಅರ್ಧ ಒಳಗೆ, ಅರ್ಧ ಹೊರಗೆ ತೂಗುತ್ತಿತ್ತು. ನಟ್ ಬಿಗಿಯುವುದಕ್ಕೂ ಒಂದು ಕ್ರಮವಿದೆ, ಸಾಮಾನ್ಯವಾಗಿ ಕೆಳಗಿನದು ಮೊದಲು, ಮೇಲಿನದು ಆಮೇಲೆ, ಪ್ರತಿಯೊಂದಕ್ಕೂ ಸರ್ವಿಸ್ ಪುಸ್ತಕ ಹೇಳುವ ಟಾರ್ಕ್, ಅಂದರೆ ಬಿಗಿಯುವ ಬಲದ ಅಳತೆ. ಕ್ರಮ ತಪ್ಪಿದರೆ ಎರಡು ಜಾಯಿಂಟ್‌ಗಳು ಒಂದನ್ನೊಂದು ಜಗ್ಗುತ್ತವೆ. ಸ್ಟೀರಿಂಗ್ ತಿರುಗಿಸಿದಲ್ಲೇ ನಿಲ್ಲುತ್ತಿದ್ದುದು ಈ ಜಗ್ಗಾಟಕ್ಕೆ.

ಕೊನೆಗೆ ಸ್ಪ್ಲಿಟ್ ಪಿನ್, ನಟ್ ಬಿಚ್ಚಿಕೊಳ್ಳದಂತೆ ತೂರಿಸುವ ಕಡ್ಡಿ. ನಟ್‌ನ ಕಚ್ಚು ಮತ್ತು ಬೋಲ್ಟಿನ ತೂತು ಒಂದೇ ಸಾಲಿಗೆ ಬರದಿದ್ದರೆ ನಟ್ ಅನ್ನು ಇನ್ನಷ್ಟು ಬಿಗಿಸಿ ಸಾಲಿಗೆ ತರಬೇಕೇ ಹೊರತು ಸಡಿಲಿಸಬಾರದು. ಎಡಗಡೆ ಸಡಿಲಿಸಿದ್ದರು. ಬಲಗಡೆ ಪಿನ್ ಇರಲೇ ಇಲ್ಲ, ನಟ್ ಕೈಯಲ್ಲಿ ತಿರುಗಿತು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಗಾಡಿಯ ಕೆಳಗೆ ಮಡಚಿಕೊಳ್ಳುತ್ತದೆ. ಹನ್ನೊಂದು ದಿನ ಆ ಗಾಡಿಯಲ್ಲಿ ಮನೆಯವರೆಲ್ಲ ಓಡಾಡಿದ್ದರು.

ನೀವು ಕೆಲಸಕ್ಕೆ ಬಿಡುವುದಾದರೆ ಕ್ಯಾರಿಯರ್ ತೆಗೆಯುತ್ತೀರಾ, ಶಾಫ್ಟ್‌ನ ಉಜ್ಜುವ ಜಾಗವನ್ನು ನನಗೆ ತೋರಿಸುತ್ತೀರಾ ಎಂದು ಮೊದಲೇ ಕೇಳಿ. ಶಾಫ್ಟ್ ಹೊರಗಿರುವಾಗಲೇ ಅದರ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಆಡಿಸಿ ನೋಡಿ. ಗಾಡಿ ವಾಪಸು ತೆಗೆದುಕೊಳ್ಳುವಾಗ ಬಟ್ಟೆ ಕೊಳೆಯಾದರೂ ಪರವಾಗಿಲ್ಲ, ಬಗ್ಗಿ ನಾಲ್ಕು ಸ್ಪ್ಲಿಟ್ ಪಿನ್ ಎಣಿಸಿ. ಇದನ್ನು ಕೇಳಿದರೆ ಮುಖ ಸಿಂಡರಿಸುವ ಮೆಕ್ಯಾನಿಕ್ ಆದರೆ ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಎರಡನೆಯ ಸಲ ಹಾಕಿದ ಸೀಲ್‌ಗಳು ಇಂದಿಗೂ ಸೋರಿಲ್ಲ, ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿದೆ. ‘ಗೊಂಯ್’ ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಬೇರಿಂಗ್ ಹೊಸದು, ಅಳತೆಯೂ ಸರಿಯಿದೆ. ಆದರೆ ಗೇರ್ ಹಲ್ಲುಗಳು ಆ ಹನ್ನೊಂದು ದಿನ ತಪ್ಪು ಜಾಗದಲ್ಲಿ ಉಜ್ಜಿಕೊಂಡಿದ್ದವು.